ಹೊದಿಕೆಯ ದಪ್ಪವೂ ದಾನದ ದೊಡ್ಡಸ್ತಿಕೆಯೂ

ಕಳೆದ ಪುಷ್ಯಮಾಸದಲ್ಲಿ ಮಗ ಹುಣಸೂರಿನ ನಮ್ಮ ಮನೆಗೆ ಒಂದು ಭಾರಿ ಗಂಟನ್ನು ತಂದಿಳಿಸಿದ. ಬಿಚ್ಚಿದರೆ ಮೋಡದಂತೆ ಉಬ್ಬಿಕೊಂಡ ಬಿಳಿಯ ರಜಾಯಿ. "ಇದಕ್ಕೆ ಡೂವೆ ಅಂತಾರೆ ಅಪ್ಪ, ಚಳಿಗೆ ಇದೇ ಸರಿ" ಎಂದ. ಆ ರಾತ್ರಿ ನನ್ನ ಪಾಡು ಹೇಳತೀರದು. ಹೊದ್ದರೆ ಬೆವರು, ಒದ್ದರೆ ಚಳಿ. ಬೆಳಗಿನ ಜಾವಕ್ಕೆ ಎದ್ದು ಪೆಟ್ಟಿಗೆಯಿಂದ ನನ್ನ ಹಳೆಯ ಕರಿಕಂಬಳಿಯನ್ನು ತೆಗೆದು ಹೊದ್ದ ಮೇಲೆಯೇ ಕಣ್ಣಿಗೆ ನಿದ್ದೆ ಹತ್ತಿದ್ದು.

ಇದು ಮುದುಕನೊಬ್ಬನ ಹಳೆಯ ಚಾಳಿಯೆಂದು ತಳ್ಳಿಹಾಕುವವರಿಗೆ ಸ್ವಲ್ಪ ಲೆಕ್ಕವನ್ನು ಒಪ್ಪಿಸುತ್ತೇನೆ. ಹೊದಿಕೆ ತಾನಾಗಿ ಬಿಸಿಯಲ್ಲ. ಅದು ತನ್ನೊಳಗೆ ಗಾಳಿಯನ್ನು ಕದಲದಂತೆ ಹಿಡಿದಿಟ್ಟು ನಮ್ಮ ಮೈಯ ಬಿಸಿಯನ್ನೇ ನಮಗೆ ಉಳಿಸಿಕೊಡುತ್ತದೆ. ಇಂಗ್ಲೆಂಡಿನಲ್ಲಿ ಈ ಗುಣವನ್ನು 'ಟಾಗ್' ಎಂಬ ಮಾನದಿಂದ ಅಳೆಯುತ್ತಾರೆ. ಬೇಸಿಗೆಗೆ 4.5ರ ಆಸುಪಾಸು, ಕಡುಚಳಿಗೆ 13.5. ಅಲ್ಲಿನ ಜನವರಿಗೆ ಅದು ಯುಕ್ತ. ಮೈಸೂರು ಸೀಮೆಯಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣಾಂಶ 16 ಡಿಗ್ರಿಯ ಹತ್ತಿರ. ಅದು ಇಂಗ್ಲೆಂಡಿನ ಬೇಸಿಗೆಯ ರಾತ್ರಿಗಳಿಗೂ ಹೆಚ್ಚೇ ಎನ್ನಬೇಕು. ಆದರೂ ನಮ್ಮ ಅಂಗಡಿಗಳಲ್ಲಿ ದಪ್ಪವನ್ನೇ ಹಿಚುಕಿ ತೋರಿಸಿ ಮಾರುತ್ತಾರೆ. ಚೀಟಿಯಲ್ಲಿ 'ಜಿಎಸ್‌ಎಂ' ಎಂದು ಬರೆದಿರುವುದು ಚದರ ಮೀಟರಿಗೆ ಎಷ್ಟು ಗ್ರಾಂ ಹೂರಣವೆಂಬುದಷ್ಟೇ. ತೊಂಬತ್ತಕ್ಕೆ ನೂರು ಅಂಗುಲದ ಹೊದಿಕೆ 200 ಜಿಎಸ್‌ಎಂ ಎಂದರೆ ಸುಮಾರು 1,160 ಗ್ರಾಂ ಪಾಲಿಯೆಸ್ಟರ್ ನಾರು ನಮ್ಮ ಮೇಲೆ ಮಲಗಿದೆ ಎಂದರ್ಥ. ಆ ನಾರು ಬೆವರನ್ನು ಹೀರುವುದಿಲ್ಲ. ತನ್ನ ತೂಕದ ನೂರಕ್ಕೆ ಒಂದು ಪಾಲಿನಷ್ಟು ತೇವವನ್ನೂ ಹಿಡಿಯದು. ಉಣ್ಣೆಯಾದರೋ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒಳಗೆಳೆದುಕೊಂಡೂ ಒದ್ದೆಯೆನಿಸದು.

ಇನ್ನು ಹುಣಸೂರಿನವರಿಗೆ ಹೊದಿಕೆಯ ಪಾಠವನ್ನು ಹೊರಗಿನವರು ಹೇಳಿಕೊಡಬೇಕಾದದ್ದೇ ಒಂದು ವಿಪರ್ಯಾಸ. ಹತ್ತೊಂಬತ್ತನೆಯ ಶತಮಾನದಲ್ಲಿ ಸೈನ್ಯದ ಸರಬರಾಜು ಇಲಾಖೆಯು ಇಲ್ಲಿ ಚರ್ಮ ಹದಮಾಡುವ ಕಾರ್ಖಾನೆಯೊಡನೆ ಕಂಬಳಿಯ ಕಾರ್ಖಾನೆಯನ್ನೂ ನಡೆಸುತ್ತಿತ್ತು. ಮೆರಿನೋ ಕುರಿಯ ಉಣ್ಣೆಯಿಂದ ನೇಯ್ದ ಮೇಲುತರದ ಕಂಬಳಿಗಳು ಇಲ್ಲಿ ತಯಾರಾಗುತ್ತಿದ್ದವೆಂದು ರೈಸ್ ಸಾಹೇಬರ ಗೆಜೆಟಿಯರಿನಲ್ಲಿ ದಾಖಲಾಗಿದೆ. 1860ರ ದಶಕದಲ್ಲಿ ಕಾರ್ಖಾನೆ ಮುಚ್ಚಿತು. ಇಂದು ನನ್ನೂರಿನಲ್ಲಿ ಈ ಸಂಗತಿಯನ್ನು ಬಲ್ಲವರು ಎಷ್ಟು ಮಂದಿಯೋ!

ಪಿರಿಯಾಪಟ್ಟಣ ಹುಣಸೂರುಗಳ ಹೊಗೆಸೊಪ್ಪಿನ ರೈತರನ್ನು ಕೇಳಿ ನೋಡಿ. ಮಳೆಗಾಲದಲ್ಲಿ ಸೊಪ್ಪು ಬೇಯಿಸುವಾಗ ಬ್ಯಾರನ್ನಿನ ಬಾಯಿಗೆ ಸೌದೆ ಒಡ್ಡುತ್ತಾ ರಾತ್ರಿಯೆಲ್ಲ ಕಾಯಬೇಕು. ಅಲ್ಲಿ ಮೈಮೇಲೆ ಕಂಬಳಿಯಿದ್ದರೆ, ಕಿಡಿ ಹಾರಿ ಬಿದ್ದರೂ ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳದು, ಕೂದಲಿನಂತೆ ಕರಟಿ ನಿಲ್ಲುತ್ತದೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಅದೇ ಕಂಬಳಿ ಹಗಲು ಮಳೆಗೆ ಕೊಪ್ಪೆಯೂ ಆಗುತ್ತಿತ್ತು. ಡೂವೆಯನ್ನು ಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯುವವರನ್ನು ನಾನಂತೂ ಕಾಣೆ.

ಇಷ್ಟೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಉಳ್ಳವರು ತಮ್ಮ ಹಾಸಿಗೆಯ ಮೇಲೆ ಏನನ್ನಾದರೂ ಹೊದೆಯಲಿ. ನನ್ನ ಆಕ್ಷೇಪವಿರುವುದು ಬೇರೆ ಕಡೆ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಒಂದು ವಿದ್ಯಾರ್ಥಿನಿಲಯ, ಹೆಸರು ಬೇಡ. ಅಲ್ಲಿ ಹೆಚ್ಚಾಗಿ ಜೇನುಕುರುಬರ ಮಕ್ಕಳು. (ಹೆಸರಿನಲ್ಲಿ ಕುರುಬರೆಂದಿದ್ದರೂ ಇವರು ಕುರಿ ಸಾಕಿ ಕಂಬಳಿ ನೇಯುವವರಲ್ಲ, ಕಾಡಿನ ಜೇನನ್ನು ಬಲ್ಲವರು. ಪಟ್ಟಣದವರು ಇದನ್ನೂ ಕಲಸಿಬಿಡುತ್ತಾರೆ.) ನಗರದ ಪುಣ್ಯಾತ್ಮರು ಒಂದು ಜೂನ್ ತಿಂಗಳಲ್ಲಿ ಬಂದು ಪ್ರತಿ ಮಗುವಿಗೂ ಹೂವಿನ ಚಿತ್ರದ ದಪ್ಪ ರಜಾಯಿ ಹಂಚಿದರು. ಭಾಷಣವಾಯಿತು, ಫೋಟೋ ತೆಗೆದರು, ಎಲ್ಲರಿಗೂ ಕೇಸರಿಬಾತು. ನಾನೂ ಚಪ್ಪಾಳೆ ತಟ್ಟಿದವನೇ, ಅದನ್ನು ಮುಚ್ಚಿಡುವುದಿಲ್ಲ.

ಆಗಸ್ಟಿನಲ್ಲಿ ಮತ್ತೆ ಹೋದಾಗ ಬಾಗಿಲಲ್ಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಚಿಕ್ಕ ಮಕ್ಕಳು ರಾತ್ರಿ ಉಚ್ಚೆ ಹೊಯ್ದುಕೊಳ್ಳುವುದು ಸಹಜ. ಆ ರಜಾಯಿ ಯಾವ ಬಕೆಟ್ಟಿಗೂ ಹಿಡಿಸದು, ಒಗೆದರೆ ಹಿಂಡಲಾಗದು, ಹಿಂಡಿದರೂ ಆ ಮಳೆಯಲ್ಲಿ ವಾರ ಕಳೆದರೂ ಒಣಗದು. ಹಾಗಾಗಿ ಯಾರೂ ಒಗೆದಿರಲಿಲ್ಲ. ಮಕ್ಕಳ ಬೆರಳ ಸಂದುಗಳಲ್ಲಿ ತುರಿಕಜ್ಜಿ. ಆ ಕಜ್ಜಿಯ ಹುಳು ಮನುಷ್ಯನ ಚರ್ಮವನ್ನು ಬಿಟ್ಟರೆ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕದು. ಆದ್ದರಿಂದಲೇ ಮುಲಾಮು ಹಚ್ಚುವ ದಿನವೇ ಹಾಸು ಹೊದಿಕೆಗಳನ್ನೆಲ್ಲ ಬಿಸಿನೀರಿನಲ್ಲಿ ಒಗೆಯಿರಿ, ಇಲ್ಲವೇ ಚೀಲದಲ್ಲಿ ಕಟ್ಟಿ ಕೆಲವು ದಿನ ಮುಟ್ಟದೆ ಇಡಿ ಎಂದು ವೈದ್ಯರು ಹೇಳುವುದು. ಮಗುವಿಗೆ ಒಂದೇ ಹೊದಿಕೆ, ಅದೂ ಒಗೆಯಲಾರದ್ದು ಎಂದರೆ ಕಟ್ಟಿಡುವುದು ಯಾವುದನ್ನು, ಹೊದೆಸುವುದು ಯಾವುದನ್ನು? ಇಬ್ಬಿಬ್ಬರು ಒಂದರಡಿ ಮಲಗಿದರೆ ರೋಗವೂ ಇಬ್ಬರಿಗೆ.

ಕಂಬಳಿಯೇ ಸರ್ವರೋಗಪರಿಹಾರವೆಂದು ನಾನು ವಾದಿಸುತ್ತಿಲ್ಲ. ಕಂಬಳಿಯ ಮೇಲೆ ಕುಳಿತು ಊಟ ಮಾಡುತ್ತಾ ಕೂದಲು ಆರಿಸಬಾರದೆಂಬ ಗಾದೆಯೇ ಇದೆ. ಅದು ಚುಚ್ಚುತ್ತದೆ, ನುಸಿ ಹಿಡಿಯುತ್ತದೆ, ನೆನೆದರೆ ಭಾರ, ಬಿಸಿನೀರಿಗೆ ಹಾಕಿದರೆ ಕುಗ್ಗುತ್ತದೆ. ಆದ್ದರಿಂದ ಮೈಗೆ ತಾಗುವುದು ಹತ್ತಿಯ ದುಪ್ಪಟಿಯಿರಬೇಕು, ಒಂದು ಒಗೆತಕ್ಕೆ ಒಂದು ಹೊದೆಯಲಿಕ್ಕೆ ಎಂದು ತಲಾ ಎರಡು. ಕಂಬಳಿ ಅದರ ಮೇಲೆ, ಚಳಿ ಹೆಚ್ಚಿದಾಗ ಮಾತ್ರ. ಬಿಸಿಲು ಬಿದ್ದ ದಿನ ಅಂಗಳಕ್ಕೆ. ಕೃಷ್ಣರಾಜನಗರದ ನಾಲೆಯ ಬಯಲಿನಂಥ ತೇವದ ಊರುಗಳಲ್ಲೂ ತೆಳು ದುಪ್ಪಟಿ ಒಂದು ಹಗಲಿನಲ್ಲಿ ಒಣಗೀತು. ಒಂದು ವರ್ಷ ತುಂಬದ ಕೂಸಿನ ಬಳಿಗಂತೂ ಸಡಿಲವಾದ ದಪ್ಪ ಹೊದಿಕೆಯನ್ನು ಸುಳಿಯಗೊಡಬಾರದು. ಅದು ಮುಖದ ಮೇಲೆ ಬಿದ್ದರೆ ಸರಿಸಿಕೊಳ್ಳುವ ಶಕ್ತಿ ಆ ಜೀವಕ್ಕಿಲ್ಲ.

ಕೊಳ್ಳುವಾಗಲೂ ಎಚ್ಚರ ಬೇಕು. ಕಂಬಳಿಯೆಂದು ಕೂಗಿ ಮಾರುವುದೆಲ್ಲ ಉಣ್ಣೆಯಲ್ಲ. ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಸುಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಅಂಗಡಿಯವನು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಚಳ್ಳಕೆರೆ ಸೀಮೆಯ ನೇಕಾರರು ಹುಣಸೆಬೀಜದ ಗಂಜಿ ಕೊಟ್ಟು ನೇಯ್ದ ಕಂಬಳಿ ಮೊದಲು ಬಿರುಸಾಗಿರುತ್ತದೆ, ಬಳಸುತ್ತ ಬಳಸುತ್ತ ಪಳಗುತ್ತದೆ.

ಈಚೆಗೆ ಆ ದಾನಿಗಳ ಬಳಗದವರೊಬ್ಬರು ಮತ್ತೆ ದೂರವಾಣಿ ಮಾಡಿ, "ಮೇಷ್ಟ್ರೇ, ಈ ಸಲ ಏನು ಕೊಡೋಣ?" ಎಂದು ವಿಚಾರಿಸಿದರು. ತಲಾ ಎರಡು ಹತ್ತಿ ದುಪ್ಪಟಿ, ಒಂದು ತೆಳು ಕಂಬಳಿ, ಇಡೀ ನಿಲಯಕ್ಕೆ ನೀರು ಕಾಯಿಸುವ ನಾಲ್ಕು ಹಂಡೆ ಮತ್ತು ಒಗೆದದ್ದನ್ನು ಒಣಹಾಕಲು ಒಂದು ತಗಡಿನ ಸೂರು ಎಂದೆ. ಅವರು ಸ್ವಲ್ಪ ತಡೆದು, "ದುಪ್ಪಟಿ ಫೋಟೋದಲ್ಲಿ ಅಷ್ಟು ಎದ್ದು ಕಾಣೋದಿಲ್ಲವಲ್ಲ ಮೇಷ್ಟ್ರೇ" ಎಂದರು. ಆಮೇಲೆ ಅವರ ಕರೆ ಬಂದಿಲ್ಲ.