ಹೆಸರು ತರಬೇತಿ, ಕೆಲಸ ಬಿಟ್ಟಿ



ಬಿಟ್ಟಿ ಚಾಕರಿ ಈ ದೇಶದಲ್ಲಿ ಸತ್ತುಹೋಯಿತೆಂದು ದೊಡ್ಡವರು ಭಾಷಣ ಮಾಡುತ್ತಾರೆ. ಅದು ಸತ್ತಿಲ್ಲ, ಹೆಸರು ಬದಲಾಯಿಸಿಕೊಂಡಿದೆ. ಅಜ್ಜಂದಿರ ಕಾಲದಲ್ಲಿ ಅದನ್ನು ಬಿಟ್ಟಿ ಎಂದರು. ಅಪ್ಪಂದಿರ ಕಾಲದಲ್ಲಿ ಉಮೇದುವಾರಿ ಎಂದರು. ಈಗ ತರಬೇತಿ ಎನ್ನುತ್ತಾರೆ. ಆಗ ಅದರ ಬೆನ್ನಿಗೆ ಧಣಿಯ ದೊಣ್ಣೆ ಇತ್ತು, ಈಗ ಸರ್ಕಾರದ ಸರ್ಟಿಫಿಕೇಟು ಇದೆ.

ಈ ಬಲೆಗೆ ಮೊದಲು ಬೀಳುವವರು ಯಾರು? ನಮ್ಮ ಪುಣೆ ಜಿಲ್ಲೆಯದೇ ಜುನ್ನರ, ಆಂಬೇಗಾಂವ ತಾಲೂಕುಗಳ ಮಹಾದೇವ ಕೋಳಿ, ಠಾಕರ, ಕಾತಕರಿ ಮಕ್ಕಳು. ನಮ್ಮ ಊರಿನ ಕಡೆಯ ಕೊರಗರು, ಜೇನುಕುರುಬರು, ಸೋಲಿಗರು. ಒಡಿಶಾ, ಜಾರ್ಖಂಡಗಳಿಂದ ರೈಲು ಹತ್ತಿಸಿ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ತಂದಿಳಿಸಿದ ಹೆಣ್ಣುಮಕ್ಕಳು. ಕಾಡು ಹೋಯಿತು, ಹೊಲ ಅಣೆಕಟ್ಟಿನ ನೀರಿಗೆ ಹೋಯಿತು, ಉಳಿದದ್ದು ಎರಡು ಕೈ. ಆ ಎರಡು ಕೈಗಳನ್ನು ಅಭಿವೃದ್ಧಿ ಯೋಜನೆಯ ಹೆಸರಿನಲ್ಲಿ ಅರ್ಧ ಬೆಲೆಗೆ ಕೊಳ್ಳುವ ವ್ಯಾಪಾರ ನಡೆದಿದೆ.

ತರಬೇತಿ ಬೇಡವೆಂದು ನಾವು ಹೇಳುತ್ತಿಲ್ಲ. ಕೈಕಸುಬು ಕಲಿತವನು ಎಲ್ಲಿಯೂ ಉಪವಾಸ ಬೀಳಲಾರ. ಕಾಗದದ ಮೇಲೆ ಒಳ್ಳೆಯ ಮಾತುಗಳೂ ಇವೆ. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ತಿದ್ದುಪಡಿ ಮಾಡಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ತರಬೇತಿಯ ಸ್ಥಾನಗಳನ್ನು ಮೀಸಲಿಟ್ಟರು. 2014ರಲ್ಲಿ ಆರಂಭವಾದ ದೀನದಯಾಳ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ಅರ್ಧ ಪಾಲು ಇದೇ ಜನರಿಗೆ ಎಂದು ನಿಯಮ ಮಾಡಿದರು. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಕಲಿತವರಲ್ಲಿ ನೂರಕ್ಕೆ 70 ಜನರಿಗಾದರೂ ಉದ್ಯೋಗ ಕೊಡಿಸಬೇಕೆಂದೂ ಬರೆದರು. ಬಹಳ ಸಂತೋಷ. ಆದರೆ ಉದ್ಯೋಗ ಎಂದರೆ ಏನು? ಮೂರು ತಿಂಗಳು ಕೆಲಸದಲ್ಲಿದ್ದರೆ ಅವನು ಉದ್ಯೋಗ ಸಿಕ್ಕವರ ಪಟ್ಟಿಗೆ ಸೇರಿದ! ಆ ಮೇಲೆ ಅವನು ಉಳಿದನೇ, ಊರಿಗೆ ಹೋದನೇ, ಬೀದಿಯಲ್ಲಿ ಬಿದ್ದನೇ, ಪಟ್ಟಿಯ ಸಂಖ್ಯೆ ಕರಗುವುದಿಲ್ಲ.

ಈಗ ಕಾಯ್ದೆಯ ಒಳಗುಟ್ಟು ನೋಡಿರಿ. 1961ರ ಕಾಯ್ದೆಯ 18ನೆಯ ಕಲಮು ಹೇಳುವುದೇನೆಂದರೆ, ಅಪ್ರೆಂಟಿಸನು ತರಬೇತಿ ಪಡೆಯುವವನು, ಕೆಲಸಗಾರನಲ್ಲ. ಆದುದರಿಂದ ಕಾರ್ಮಿಕ ಕಾಯ್ದೆಗಳು ಅವನಿಗೆ ಲಾಗುವಾಗುವುದಿಲ್ಲ. 2025ರ ನವೆಂಬರ್ 21ರಂದು ಹಳೆಯ ಕಾಯ್ದೆಗಳ ಜಾಗದಲ್ಲಿ ನಾಲ್ಕು ಹೊಸ ಸಂಹಿತೆಗಳು ಜಾರಿಗೆ ಬಂದವು. ಅಲ್ಲಿಯೂ ವೇತನ ಸಂಹಿತೆ ನೌಕರ ಯಾರೆಂದು ಹೇಳುವಾಗ ಅಪ್ರೆಂಟಿಸನನ್ನು ಬಾಗಿಲ ಹೊರಗೇ ನಿಲ್ಲಿಸಿತು. ಕನಿಷ್ಠ ವೇತನ ಅವನಿಗಿಲ್ಲ. ಅವನಿಗಿರುವುದು ಸ್ಟೈಪೆಂಡು. 2019ರ ನಿಯಮದಂತೆ ಐದರಿಂದ ಒಂಬತ್ತನೆಯ ಇಯತ್ತೆ ಕಲಿತವನಿಗೆ ಕನಿಷ್ಠ ಸ್ಟೈಪೆಂಡು ತಿಂಗಳಿಗೆ 5,000 ರೂಪಾಯಿ. ಇಪ್ಪತ್ತಾರು ದಿನದ ದುಡಿಮೆಗೆ ಹಂಚಿದರೆ ದಿನಕ್ಕೆ 192 ರೂಪಾಯಿ. ಇದರಲ್ಲಿ ಕಾಟಿನ ಬಾಡಿಗೆ ಕೊಟ್ಟು, ಮೆಸ್ಸಿನ ಬಾಕಿ ತೀರಿಸಿ, ಊರಿನ ತಾಯಿಗೆ ಏನು ಕಳಿಸಬೇಕು? 2025ರಲ್ಲಿ ಕೇಂದ್ರ ಅಪ್ರೆಂಟಿಸ್ ಪರಿಷತ್ತೇ ಈ ಹಣ ಸಾಲದೆಂದು ನೂರಕ್ಕೆ 36 ಏರಿಸಲು ಶಿಫಾರಸು ಮಾಡಿತು. ಹೊಟ್ಟೆಯ ಲೆಕ್ಕ ಪರಿಷತ್ತಿಗೆ ತಿಳಿಯಲು ಆರು ವರ್ಷ ಬೇಕಾಯಿತು.

ಇದಕ್ಕೂ ಮೇಲೆ, 2016ರ ಅಪ್ರೆಂಟಿಸ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಪಾಲನ್ನು, ಹೆಚ್ಚೆಂದರೆ 1,500 ರೂಪಾಯಿಯನ್ನು, ಸರ್ಕಾರವೇ ಭರಿಸುತ್ತ ಬಂದಿದೆ. ಅಂದರೆ ದುಡಿಮೆ ಮಾಲೀಕನಿಗೆ, ಕೂಲಿಯ ಒಂದು ಪಾಲು ನಮ್ಮ ನಿಮ್ಮ ತೆರಿಗೆಯಿಂದ!

ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ಏಷ್ಯಾಡ್ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ಒಂದು ದೊಡ್ಡ ಮಾತು ಹೇಳಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿತು. ಹಸಿವು ಕೂಡ ಒಂದು ಬಲವಂತ ಎಂದು ಒಪ್ಪಿತು. ಹಾಗಾದರೆ ಅದೇ ಯಂತ್ರ, ಅದೇ ಪಾಳಿ, ಅದೇ ಉತ್ಪನ್ನ ಇರುವಲ್ಲಿ, ಚೀಟಿಯ ಮೇಲೆ ತರಬೇತಿ ಎಂದು ಬರೆದ ಮಾತ್ರಕ್ಕೆ ಬಲವಂತವು ಉಪಕಾರವಾಗಿ ಬಿಡುತ್ತದೆಯೇ?

ಮಾಲೀಕರ ಮೊದಲ ವಾದ ನಮಗೆಲ್ಲ ಬಾಯಿಪಾಠ: ‘ಕೆಲಸ ಕಲಿಯುವವನಿಗೆ ಸಂಬಳವೇಕೆ?’ ಹೋಟೆಲಿನ ಮೋರಿಯ ಬಳಿ ಕಪ್ಪು ಬಸಿ ತೊಳೆದವರೆಲ್ಲ ಈ ಮಾತನ್ನು ಕೇಳಿಯೇ ದೊಡ್ಡವರಾದೆವು. ಉತ್ತರ ಇಷ್ಟೇ. ಕಲಿಯಲು ಎಷ್ಟು ದಿನ ಬೇಕು ಸ್ವಾಮಿ? ಮೇಜು ಒರೆಸುವುದನ್ನು ಒಂದು ದಿನದಲ್ಲಿ ಕಲಿಯಬಹುದು. ಸಪ್ಲಾಯರನ ಕೆಲಸ ತಿಂಗಳಲ್ಲಿ ಕೈಗೆ ಹತ್ತುತ್ತದೆ. ಆಮೇಲೆ ಹನ್ನೊಂದು ತಿಂಗಳು ಕಲಿಯುವುದು ಏನನ್ನು? ಕಲಿಯುವವನು ಹುಯ್ದ ದೋಸೆಗೆ ಗಿರಾಕಿಯಿಂದ ಅರ್ಧ ದುಡ್ಡು ತೆಗೆದುಕೊಂಡ ಗಲ್ಲಾ ಪುಣೆಯಲ್ಲಿ ಎಲ್ಲಿದೆ? ಕಲಿಯುವವಳು ಹೊಲಿದ ಅಂಗಿಯನ್ನು ಅರ್ಧ ಬೆಲೆಗೆ ಮಾರಿದ ಕಂಪನಿ ಎಲ್ಲಿದೆ? ಮಾರುವಾಗ ಪೂರ್ತಿ ಮಾಲು, ಕೊಡುವಾಗ ಮಾತ್ರ ಅರ್ಧ ಮನುಷ್ಯ!

ಎರಡನೆಯ ವಾದ: ‘ಈ ಕಾಡಿನ ಮಕ್ಕಳಿಗೆ ನಿಷ್ಠೆಯಿಲ್ಲ, ಅರ್ಧಕ್ಕೆ ಓಡಿಹೋಗುತ್ತಾರೆ.’ ಓಡದೆ ಏನು ಮಾಡಬೇಕು? ಬೆಂಗಳೂರಿನ ಉಡುಪು ಕಾರ್ಖಾನೆಗಳ ವಲಸೆ ಹೆಣ್ಣುಮಕ್ಕಳ ಹಾಸ್ಟೆಲುಗಳ ಬಗ್ಗೆ 2018ರಲ್ಲಿ ಕಾರ್ಮಿಕ ಸಂಘಟನೆಗಳು ವರದಿ ಹೊರತಂದವು. ಕೆಲಸ ಮುಗಿದ ಮೇಲೂ ಮನಬಂದಂತೆ ಹೊರಗೆ ಹೋಗುವ ಸ್ವಾತಂತ್ರ್ಯ ಅವರಿಗಿರಲಿಲ್ಲ ಎಂಬುದು ಅದರ ಸಾರ. ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ ‘ಸುಮಂಗಲಿ’ ಎಂಬ ಮಂಗಳಕರ ಹೆಸರಿನಲ್ಲಿ ಬಡ ಹುಡುಗಿಯರನ್ನು ಅಪ್ರೆಂಟಿಸ್ ಎಂದು ಕರೆದು ಮೂರು ವರ್ಷ ದುಡಿಸಿದರು. ಮದುವೆಗೆ ಆಗುತ್ತದೆ, ಕೊನೆಗೆ ಇಡಿಗಂಟು ಕೊಡುತ್ತೇವೆ ಎಂದರು. ನಡುವೆ ಕಾಯಿಲೆ ಬಿದ್ದು ಬಿಟ್ಟವಳಿಗೆ ಆ ಗಂಟು ತಪ್ಪಿತು. ಬಾಗಿಲಿಗೆ ಬೀಗ, ಕೂಲಿಗೆ ಕತ್ತರಿ ಇರುವಲ್ಲಿಂದ ಓಡಿಹೋಗುವವನು ನಿಷ್ಠೆಗೆಟ್ಟವನಲ್ಲ, ಬುದ್ಧಿಯುಳ್ಳವನು.

ಮೂರನೆಯ ವಾದ ನಮ್ಮ ಖೋಲಿಗಳಲ್ಲೇ ಹುಟ್ಟುತ್ತದೆ, ಅದು ಹೆಚ್ಚು ಅಪಾಯದ್ದು: ‘ಈ ಹುಡುಗರು ಬಂದು ನಮ್ಮ ಅನ್ನಕ್ಕೆ ಕಲ್ಲು ಹಾಕುತ್ತಾರೆ.’ ಗಿರಣಿಯ ಅಣ್ಣಂದಿರೇ, ಬದಲಿಯವರ ಕಥೆ ನಿಮಗೆ ಗೊತ್ತು. ದಿನ ಬೆಳಗಾದರೆ ಗೇಟಿನ ಮುಂದೆ ನಿಂತು, ಯಾರಾದರೂ ಖಾಡೆ ಮಾಡಿದ ದಿನ ಮಾತ್ರ ಕೆಲಸ ಕಂಡ ಬದಲಿಯವನು ಕಾಯಂ ಕೆಲಸಗಾರನ ವೈರಿಯಾಗಿದ್ದನೇ? ಇಲ್ಲ. ಅವನನ್ನು ತೋರಿಸಿ ಕಾಯಂನವನ ಪಗಾರ ಹಿಡಿದಿಟ್ಟ ಮಾಲೀಕ ವೈರಿಯಾಗಿದ್ದನು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳ್ತನದಲ್ಲಿ ಮುಂಬಯಿಯ ಗಿರಣಿಗಳು ನಿಂತಾಗ, ಬದಲಿಯವರನ್ನು ಕಾಯಂ ಮಾಡಬೇಕೆಂಬುದು ಆ ಮುಷ್ಕರದ ಬೇಡಿಕೆಗಳಲ್ಲೊಂದಾಗಿತ್ತು. ಇಂದಿನ ತರಬೇತಿಯವನು ಅಂದಿನ ಬದಲಿಯವನೇ. 2019ರ ನಿಯಮದಂತೆ ಒಂದು ಸಂಸ್ಥೆ ತನ್ನ ಒಟ್ಟು ಜನರಲ್ಲಿ ನೂರಕ್ಕೆ 15ರವರೆಗೆ ಅಪ್ರೆಂಟಿಸರನ್ನು ಇಟ್ಟುಕೊಳ್ಳಬಹುದು. ಆ ಹದಿನೈದು ಜನ ಅರ್ಧ ಕೂಲಿಗೆ ಪೂರ್ತಿ ದುಡಿದರೆ, ನಾಳೆ ಉಳಿದ ಎಂಬತ್ತೈದು ಜನರ ಬೋನಸ್ಸಿನ ಮಾತಿಗೆ ಮಾಲೀಕ ನಗುತ್ತಾನೆ. ಅವನ ಕೂಲಿ ಏರದೆ ನಮ್ಮ ಕೂಲಿ ನಿಲ್ಲುವುದಿಲ್ಲ.

ಕರಾವಳಿಯ ಬಂಧುಗಳಿಗೆ ಇನ್ನೊಂದು ಮಾತು. ಕೊರಗರನ್ನು ಅಜಲು ಎಂಬ ಹೀನ ಚಾಕರಿಗೆ ಕಟ್ಟಿಹಾಕಿದ್ದು ನಮ್ಮ ಊರುಗಳೇ. ಅದನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ದಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಆ ಹಳೆಯ ಕಣ್ಣಿನಿಂದ ಆದಿವಾಸಿ ಹುಡುಗನನ್ನು ನೋಡಿ, ಅವನನ್ನು ಮೋರಿಯ ಕೆಲಸಕ್ಕೆ ಮಾತ್ರ ದಬ್ಬುವವರು ನಮ್ಮೊಳಗೂ ಇದ್ದಾರೆ. ಇದು ನಿಲ್ಲತಕ್ಕದ್ದು. ಅವನು ಭಟ್ಟಿಯ ಮುಂದೆ ನಿಲ್ಲಬೇಕು, ಗಲ್ಲಾದ ಲೆಕ್ಕವನ್ನೂ ಕಲಿಯಬೇಕು. ಅದಲ್ಲವೇ ತರಬೇತಿ?

ಆದಿವಾಸಿಗೆ ಹೋರಾಟ ಕಲಿಸಬೇಕೆಂದು ಯಾರೂ ತಿಳಿಯಬೇಡಿರಿ. 1945ರಲ್ಲಿ ಠಾಣೆ ಜಿಲ್ಲೆಯ ವಾರಲಿಗಳು, ಪುಣೆಯಲ್ಲಿ ಹುಟ್ಟಿದ ಗೋದಾವರಿ ಪರುಳೇಕರರ ಜೊತೆ ನಿಂತು, ಜಮೀನುದಾರರ ಬಿಟ್ಟಿಗೆ ಹೋಗುವುದಿಲ್ಲವೆಂದರು. ಅಕ್ಷರ ಬಾರದ ಜನ ಸಂಘದ ಬಲದಿಂದ ಅದನ್ನು ಮುರಿದರು. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ಪ್ರಾವಿಡೆಂಟ್ ಫಂಡಿನ ಹೊಸ ನಿಯಮದ ವಿರುದ್ಧ ಬೀದಿಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ನಮ್ಮ ಮಹಾರಾಷ್ಟ್ರದಲ್ಲೂ 2024ರ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯಲ್ಲಿ ಆರು ತಿಂಗಳಿಗೆಂದು ಸೇರಿಸಿಕೊಂಡ ಯುವಕರು ಸುಮ್ಮನೆ ಮನೆಗೆ ಹೋಗಲಿಲ್ಲ, ಚಳುವಳಿ ಹೂಡಿದರು. ಅವಧಿ ಹನ್ನೊಂದು ತಿಂಗಳಾಯಿತು. ಅವರು ಕೇಳಿದ್ದು ಅವಧಿಯನ್ನಲ್ಲ, ಕಾಯಂ ಕೆಲಸವನ್ನು. ಆದರೂ ಬಾಯಿ ತೆರೆದದ್ದರಿಂದ ಅಷ್ಟಾದರೂ ದಕ್ಕಿತು.

ಕಾಯ್ದೆಯಲ್ಲಿ ಇರುವ ಹಿಡಿತಗಳನ್ನು ಈ ಹುಡುಗರಿಗೆ ತಿಳಿಸಿಕೊಡುವುದು ನಮ್ಮ ಮೊದಲ ಕೆಲಸ. ಅಪ್ರೆಂಟಿಸನನ್ನು ಸಲಹಾಧಿಕಾರಿಯ ಒಪ್ಪಿಗೆಯಿಲ್ಲದೆ ಓವರ್‌ಟೈಮ್ ದುಡಿಸುವಂತಿಲ್ಲ, 15ನೆಯ ಕಲಮು. ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕನದು, 16ನೆಯ ಕಲಮು. ತರಬೇತಿ ಮುಗಿದ ಮೇಲೆ ಅಲ್ಲಿಯೇ ಸೇವೆ ಮಾಡಬೇಕೆಂದು ಕರಾರಿನಲ್ಲಿ ಬರೆದಿದ್ದರೆ ಮಾಲೀಕನು ಕೆಲಸ ಕೊಡಲೇಬೇಕು, 22ನೆಯ ಕಲಮು. ಆದುದರಿಂದ ಕರಾರಿನ ಪ್ರತಿ ಕೈಯಲ್ಲಿಲ್ಲದೆ ಯಾರೂ ಸಹಿ ಹಾಕಬಾರದು.

ಇಷ್ಟು ಸಾಲದು. ನಮ್ಮ ಬೇಡಿಕೆಗಳು ಇವು:

1. ಉತ್ಪಾದನೆಯ ಕೆಲಸಕ್ಕೆ ಹಚ್ಚಿದ ದಿನದಿಂದ ತರಬೇತಿಯವನಿಗೆ ಕನಿಷ್ಠ ವೇತನ ಕೊಡಬೇಕು.

2. ಪ್ರತಿ ಕೆಲಸಕ್ಕೂ ಕಲಿಕೆಯ ಅವಧಿ ಇಷ್ಟೇ ಎಂದು ಗೊತ್ತುಮಾಡಬೇಕು. ಅದು ಮುಗಿದ ಮೇಲೆ ಖಾಲಿ ಜಾಗ ಮೊದಲು ಅವನಿಗೇ ಸಲ್ಲಬೇಕು.

3. ಕರಾರನ್ನು ಅವನು ಓದಬಲ್ಲ ಭಾಷೆಯಲ್ಲಿ ಬರೆಯಬೇಕು.

4. ಹಾಸ್ಟೆಲಿನ ಬಾಗಿಲಿಗೆ ಹೊರಗಿನಿಂದ ಬೀಗ ಬೀಳಕೂಡದು.

5. ಯೋಜನೆಯ ಉದ್ಯೋಗದ ಲೆಕ್ಕವನ್ನು ಮೂರು ತಿಂಗಳಿಗಲ್ಲ, ಮೂರು ವರ್ಷಕ್ಕೆ ತೋರಿಸಬೇಕು.

ಬಾಂಧವರೇ, ಸರ್ಕಾರಕ್ಕೆ ಅರ್ಜಿ ಬರೆಯುವುದು ಸಂಘದ ಕೆಲಸ, ಬರೆಯುತ್ತೇವೆ. ನಿಮ್ಮ ಕೆಲಸ ಇನ್ನೂ ಹತ್ತಿರದಲ್ಲಿದೆ. ನಿಮ್ಮ ಹೋಟೆಲಿನಲ್ಲಿ, ನಿಮ್ಮ ಖಾತೆಯಲ್ಲಿ ತರಬೇತಿಯ ಬಿಲ್ಲೆ ಹಾಕಿಕೊಂಡ ಹುಡುಗ ಇದ್ದರೆ ಅವನ ಹೆಸರು ಹಿಡಿದು ಮಾತಾಡಿಸಿರಿ. ಎಷ್ಟು ಕೊಡುತ್ತಾರೆ, ಎಷ್ಟು ತಾಸು ದುಡಿಸುತ್ತಾರೆ, ಎಲ್ಲಿ ಮಲಗುತ್ತಾನೆ, ಕೇಳಿರಿ. ರವಿವಾರ ಸಂಘದ ಖೋಲಿಗೆ ಕರೆದುತನ್ನಿರಿ. ಕನ್ನಡ ಬಾರದಿದ್ದರೆ ಮರಾಠಿಯಲ್ಲಿ ಮಾತಾಡೋಣ. ಕೆಲಸಗಾರನಲ್ಲವೆಂದು ಕಾಯ್ದೆ ಹೇಳಿದವನನ್ನು ನಮ್ಮ ಸಂಘ ಕೆಲಸಗಾರನೆಂದು ಕರೆಯುತ್ತದೆ.