ಸೈಕಲ್ ಕೊಟ್ಟರು, ದಾರಿ ಎಲ್ಲಿ ಸ್ವಾಮಿ?

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ... ನಮ್ಮ ಜಿಲ್ಲೆಯ ಈ ನಾಲ್ಕೂ ಊರುಗಳನ್ನು ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಹೋಗುತ್ತೆ ರಾಷ್ಟ್ರೀಯ ಹೆದ್ದಾರಿ 69. ಲಾರಿಗೆ ಜಾಗ ಇದೆ, ಬಸ್ಸಿಗೆ ಇದೆ, ಕಾರಿಗೂ ಇದೆ. ನಡೆಯೋರಿಗೆ? ಚರಂಡಿ ಮೇಲಿನ ಚಪ್ಪಡಿ! ಅದೂ ಅಲ್ಲಲ್ಲಿ ಬಾಯಿ ಬಿಟ್ಟುಕೊಂಡಿರುತ್ತೆ.

ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋ ಯೋಜನೆಯನ್ನು ರಾಜ್ಯ ಸರ್ಕಾರ 2006-07ರಲ್ಲಿ ಶುರು ಮಾಡಿತು. ಒಳ್ಳೇ ಕೆಲಸ, ಬೇಡ ಅನ್ನಲ್ಲ. ಆದರೆ ಆ ಮಕ್ಕಳು ಟಿಪ್ಪರ್ ಲಾರಿಗಳ ಪಕ್ಕದಲ್ಲೇ ತುಳಿಯಬೇಕಲ್ಲ, ಅದಕ್ಕೊಂದು ದಾರಿ ಬೇಕು ಅಂತ ಯಾವ ಬಜೆಟ್ಟಿಗೂ ಹೊಳೆಯಲಿಲ್ಲ.

ಕೇಳಿದರೆ "ದುಡ್ಡಿಲ್ಲ" ಅನ್ನೋ ಸಿದ್ಧ ಉತ್ತರ. ನಾಲ್ಕೂ ಊರಲ್ಲಿ ನಗರಸಭೆ ಇದೆ. ಬೀದಿಗಳನ್ನು ಮಾಡೋದು, ನೋಡಿಕೊಳ್ಳೋದು ಅವುಗಳ ಕಡ್ಡಾಯ ಕರ್ತವ್ಯ ಅಂತ 1964ರ ಪುರಸಭೆಗಳ ಕಾಯ್ದೆಯೇ ಹೇಳುತ್ತೆ. ಮನೆ ಕಂದಾಯ ಬರುತ್ತೆ, ಹಣಕಾಸು ಆಯೋಗದ ಅನುದಾನ ಬರುತ್ತೆ. ಡಾಂಬರಿಗೆ ಇರೋ ದುಡ್ಡು ಫುಟ್‌ಪಾತಿಗೆ ಯಾಕಿಲ್ಲ? ಸಾಫ್ಟ್‌ವೇರ್‌ನಲ್ಲಿ ರಿಕ್ವೈರ್‌ಮೆಂಟಿನಲ್ಲೇ ಇಲ್ಲದ್ದನ್ನು ಕೊನೆಗೆ ಯಾರೂ ಮಾಡಲ್ಲ. ಇಲ್ಲೂ ಅಷ್ಟೇ, ಎಸ್ಟಿಮೇಟಿನಲ್ಲೇ ಇಲ್ಲದ ಫುಟ್‌ಪಾತ್ ರಸ್ತೆಗೆ ಎಲ್ಲಿಂದ ಬರಬೇಕು?

ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ರಿಚ್‌ಮಂಡ್ ರಸ್ತೆ ನೋಡಿ. ಟೆಂಡರ್ ಶ್ಯೂರ್ ಯೋಜನೆಯಲ್ಲಿ ಅಗಲವಾದ ಫುಟ್‌ಪಾತ್ ಎಸ್ಟಿಮೇಟಿನಲ್ಲೇ ಇತ್ತು, ರಾಜ್ಯ ಸರ್ಕಾರ ದುಡ್ಡೂ ಕೊಟ್ಟಿತು. ಅಲ್ಲಿಯ ಕಾಲು ಕಾಲು, ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ತರೋ ರೈತನ ಕಾಲು ಕಾಲಲ್ಲವಾ?

"ರೋಡ್ ಟ್ಯಾಕ್ಸ್ ಕಟ್ಟೋರು ನಾವು" ಅನ್ನೋ ಗಾಡಿಯವರಿಗೆ ಒಂದು ಮಾತು: ನಗರಸಭೆಗೆ ಮನೆ ಕಂದಾಯ ಕಟ್ಟೋದು ನಡೆಯೋರೂ ಹೌದು. "ಫುಟ್‌ಪಾತ್ ಮಾಡಿದರೆ ಅಂಗಡಿ ಇಡ್ತಾರೆ" ಅನ್ನೋರಿಗೆ ಇನ್ನೊಂದು: ಬೀದಿ ವ್ಯಾಪಾರಿಗಳಿಗೆ ಜಾಗ ಗುರುತಿಸಿ ಕೊಡಿ ಅಂತ 2014ರ ಕಾಯ್ದೆಯೇ ಇದೆ. ಅದನ್ನು ಮಾಡದೆ ಅವರನ್ನೇ ಬೈದರೆ ಹೇಗೆ?

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825. ಇದು ಕೇಂದ್ರ ಸರ್ಕಾರದ್ದೇ ಲೆಕ್ಕ. ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

ಹಾಗಾಗಿ ನಾನು ಕೇಳೋದು ಎರಡೇ. ನಗರಸಭೆ ಬಜೆಟ್ಟಿನಲ್ಲಿ ಫುಟ್‌ಪಾತ್, ಸೈಕಲ್ ದಾರಿಗೆ ಬೇರೆ ಲೆಕ್ಕಶೀರ್ಷಿಕೆ ಇರಲಿ. ಊರೊಳಗಿನ ಯಾವ ರಸ್ತೆ ಎಸ್ಟಿಮೇಟೂ, ಹೆದ್ದಾರಿಯದ್ದೂ ಸೇರಿ, 1.8 ಮೀಟರ್ ಫುಟ್‌ಪಾತ್ ಇಲ್ಲದೆ ಪಾಸಾಗದಿರಲಿ. ಆ ಅಳತೆ ನನ್ನದಲ್ಲ, ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿರೋ ಕನಿಷ್ಠ ಅಗಲ.

ನಿಮ್ಮೂರಲ್ಲೂ ಬಜೆಟ್ ಪ್ರತಿ ಕೇಳಿ ತಗೊಂಡು ಹುಡುಕಿ ನೋಡಿ. ನಡೆಯೋರ ಹೆಸರಲ್ಲಿ ಒಂದು ಸಾಲಾದರೂ ಇದೆಯಾ?