ಚೆಕ್‌ಡಿಸ್ಕ್ ಒತ್ತೋ ಮುಂಚೆ ಒಂದು ನಿಮಿಷ...

ಇಲ್ಲಿ ಏನಾದ್ರೂ ಬರೆದು ಬಹಳ ದಿನ ಆಯ್ತು. ಅರ್ಧ ಸೋಮಾರಿತನ, ಇನ್ನರ್ಧ ಆಫೀಸಿನ ಸರ್ವರ್ ಕಾಟ. ಎರಡನೆಯದನ್ನ ಇವತ್ತು ಹೇಳಿ ಹಗುರಾಗ್ತೀನಿ.

ಒಂದು ಶುಕ್ರವಾರ ಸಂಜೆ ನಮ್ಮ ಫೈಲ್ ಸರ್ವರಿನ 12 ಟೆರಾಬೈಟ್ ವಾಲ್ಯೂಮ್ ಕೈಕೊಡ್ತು. ಕೆಲವು ಫೋಲ್ಡರ್‌ಗಳು ತೆರೀತಾನೇ ಇರ್ಲಿಲ್ಲ. ನಾನು ಹಿಂದೆಮುಂದೆ ನೋಡದೆ 'ಚೆಕ್‌ಡಿಸ್ಕ್ /ಆರ್' ಅಂತ ಕೊಟ್ಟು ಮನೆಗೆ ಹೋದೆ. ಶನಿವಾರ ಬೆಳಗ್ಗೆ ಬಂದು ನೋಡಿದ್ರೆ 10 ಪರ್ಸೆಂಟ್. ಮಧ್ಯಾಹ್ನ ಊಟ ಮುಗಿಸಿ ಬಂದ್ರೂ ಅದೇ 10. ಮ್ಯಾನೇಜರ್ ಫೋನ್ ಮಾಡಿ, "ಹ್ಯಾಂಗ್ ಆಗಿದೆ ಕಣ್ರೀ, ಆಫ್ ಮಾಡಿ ಆನ್ ಮಾಡಿ" ಅಂದ್ರು. ಮಾಡಿದೆ. ಅವರನ್ನ ಬೈದು ಪ್ರಯೋಜನ ಇಲ್ಲ, ಪವರ್ ಬಟನ್ ಮೇಲಿದ್ದ ಬೆರಳು ನಂದೇ.

ಮತ್ತೆ ಶುರುವಾಗಿ ಭಾನುವಾರ ರಾತ್ರಿ ಮುಗೀತು. ವಾಲ್ಯೂಮ್ "ಕ್ಲೀನ್". ಆದ್ರೆ ಫೋಲ್ಡರ್‌ಗಳ ಜಾಗದಲ್ಲಿ ಫೌಂಡ್.000 ಅಂತ ಒಂದು ಡಬ್ಬ, ಅದರೊಳಗೆ ಹೆಸರು ಕಳಕೊಂಡ ಸಾವಿರಾರು .ಸಿಎಚ್‌ಕೆ ಫೈಲುಗಳು!

ನನ್ನ ತಕರಾರು ಇಷ್ಟೇ: ಈ ಸಾಧನಗಳನ್ನ ನಾವು ಡಾಕ್ಟರ್ ಅಂದ್ಕೊಂಡಿದೀವಿ. ಅಲ್ಲ ಸ್ವಾಮಿ, ಇವು ಲೆಕ್ಕಪತ್ರದ ಗುಮಾಸ್ತರು. ಫೈಲ್ ಸಿಸ್ಟಮ್ಮಿನ ಖಾತೆ ತಾಳೆಯಾದ್ರೆ ಇವುಗಳ ಕೆಲಸ ಆಯ್ತು. ತಾಳೆಯಾಗದ ಎಂಟ್ರಿ ನಿಮ್ಮ ಮೂರು ವರ್ಷದ ಬಿಲ್ಲುಗಳಾಗಿದ್ರೂ ಹೊಡೆದುಹಾಕ್ತವೆ. ಲಿನಕ್ಸಿನ ಎಫ್‌ಎಸ್‌ಸಿಕೆ ಕೂಡ ಇದೇ ಜಾತಿ, ಅದರ ಡಬ್ಬದ ಹೆಸರು 'ಲಾಸ್ಟ್+ಫೌಂಡ್', ಅಷ್ಟೇ ವ್ಯತ್ಯಾಸ.

ಇನ್ನು /ಆರ್ ವಿಷಯ. /ಎಫ್ ನೋಡೋದು ಫೈಲ್ ಸಿಸ್ಟಮ್ಮಿನ ಖಾತೆಯನ್ನ ಮಾತ್ರ. ಅದಕ್ಕೆ ಹಿಡಿಯೋ ಸಮಯ ಡಿಸ್ಕಿನ ಗಾತ್ರಕ್ಕಿಂತ ಹೆಚ್ಚಾಗಿ ಫೈಲುಗಳ ಸಂಖ್ಯೆ ಮೇಲೆ ನಿಂತಿದೆ. /ಆರ್ ಹಾಗಲ್ಲ, ಖಾಲಿ ಜಾಗವೂ ಸೇರಿ ಒಂದೊಂದು ಸೆಕ್ಟರನ್ನೂ ಓದುತ್ತೆ. ಸೆಕೆಂಡಿಗೆ 150 ಮೆಗಾಬೈಟ್ ಅಂತ ಹಿಡಿದ್ರೂ 12 ಟೆರಾಬೈಟಿಗೆ 22 ಗಂಟೆ. ಹಾಳಾದ ಸೆಕ್ಟರ್ ಸಿಕ್ಕಿದ್ರೆ ಅಲ್ಲೇ ಮತ್ತೆ ಮತ್ತೆ ಪ್ರಯತ್ನಿಸ್ತಾ ಕೂತುಬಿಡುತ್ತೆ. 10 ಪರ್ಸೆಂಟಲ್ಲಿ ನಿಂತಿದ್ದು ಹ್ಯಾಂಗ್ ಅಲ್ಲ, ಕೆಲಸ. ಪರ್ಸೆಂಟ್ ನಂಬಬೇಡಿ, ಡಿಸ್ಕಿನ ದೀಪ ನೋಡಿ. (ಲಿನಕ್ಸಿನವರಿಗೆ ಒಂದು ಸುಖ ಇದೆ: ಓಡ್ತಿರೋ ಇ2ಎಫ್‌ಎಸ್‌ಸಿಕೆಗೆ ಯುಎಸ್‌ಆರ್1 ಸಿಗ್ನಲ್ ಕಳಿಸಿದ್ರೆ ಎಲ್ಲಿದೀನಿ ಅಂತ ತೋರಿಸುತ್ತೆ.) ರೇಯ್ಡ್ ಇದ್ದ ಕಡೆ ಸೆಕ್ಟರ್ ಹುಡುಕೋ ಕೆಲಸ ಕಂಟ್ರೋಲರಿಗೇ ಬಿಡೋದು ವಾಸಿ ಅನ್ನೋದು ನನ್ನ ಅಭಿಪ್ರಾಯ, ಯಾರು ಬೇಕಾದ್ರೂ ಜಗಳಕ್ಕೆ ಬನ್ನಿ.

ಸೋಮವಾರ ಈವೆಂಟ್ ಲಾಗ್ ತೆಗೆದು ನೋಡ್ತೀನಿ, ವಾರದಿಂದ ಈವೆಂಟ್ 7 ಬರ್ತಾ ಇತ್ತು, ಅಂದ್ರೆ ಬ್ಯಾಡ್ ಬ್ಲಾಕ್. ಆಮೇಲೆ 55, ಫೈಲ್ ಸಿಸ್ಟಮ್ ಕೆಟ್ಟಿದೆ ಅಂತ. ಸಾಯ್ತಿರೋ ಡಿಸ್ಕಿನ ಕೈಲಿ ನಾನು 22 ಗಂಟೆ ಕಲ್ಲು ಹೊರಿಸಿದ್ದೆ! ಮೊದಲು ಲಾಗ್ ನೋಡಿ, ಓದೋಕೆ ಬರೋದನ್ನೆಲ್ಲ ಬೇರೆ ಕಡೆ ನಕಲು ಮಾಡಿ, ಡಿಸ್ಕ್ ಬದಲಾಯಿಸಿ, ಆಮೇಲೆ ಬರೀ ನೋಡೋ ಮೋಡಿನಲ್ಲಿ ಓಡಿಸಬೇಕಿತ್ತು. ಚೆಕ್‌ಡಿಸ್ಕ್‌ಗೆ ಯಾವ ಆಪ್ಷನ್ನೂ ಕೊಡದಿದ್ರೆ, ಇ2ಎಫ್‌ಎಸ್‌ಸಿಕೆಗೆ -ಎನ್ ಕೊಟ್ರೆ, ಅವು ಏನನ್ನೂ ಮುಟ್ಟದೆ ವರದಿ ಮಾತ್ರ ಕೊಡ್ತವೆ. ರಿಪೇರಿ ಕೊನೇ ಮೆಟ್ಟಿಲು.

ಬ್ಯಾಕಪ್ ಬುಧವಾರದ್ದಿತ್ತು. ಗುರುವಾರ, ಶುಕ್ರವಾರದ್ದು ಹೋಯ್ತು. ಅಕೌಂಟ್ಸಿನ ಮೇಡಂ ಎರಡು ದಿನ ಕೂತು ವೋಚರುಗಳನ್ನೆಲ್ಲ ಮತ್ತೆ ಟೈಪ್ ಮಾಡಿದ್ರು. ಒಂದು ಮಾತೂ ಬೈಲಿಲ್ಲ. ಈಗ್ಲೂ ಕ್ಯಾಂಟೀನಲ್ಲಿ ಎದುರಿಗೆ ಸಿಕ್ಕಿದ್ರೆ, "ಸರ್ವರ್ ಹೇಗಿದೆ?" ಅಂತ ಮಾತ್ರ ಕೇಳ್ತಾರೆ.